ಮೆತ್ತನೆಯ ಲಕೋಟೆಗಳು

ಆಲ್ಬಮ್ಮಿನ ಹಾಳೆ ತಿರುವಲು ಹೋದರೆ ಅದು ಕೆಳಗಿನ ಹಾಳೆಗೆ ಅಂಟಿಕೊಂಡಿತ್ತು. ಎಳೆದಾಗ ಬಂತು, ಹಳೆಯ ಗಾಯದ ಪಟ್ಟಿ ಕೀಳುವಾಗ ಆಗುವಂಥ ಸದ್ದು ಮಾಡುತ್ತ ಬಂತು. ಅಬ್ದೋನ್ ತೊಮಾಲಾ ಕೈ ತಡೆದು ಅಡುಗೆಮನೆಯ ಕಡೆ ಕಿವಿಗೊಟ್ಟ. ಹೆಂಡತಿ ಸೊಯ್ಲಾ ಬೇಯಿಸಿದ ಬಾಳೆಕಾಯಿಯನ್ನು ಜಜ್ಜುತ್ತಿದ್ದಳು, ಅವಳಿಗೆ ಕೇಳಿಸಿರಲಾರದು. ತನ್ನದೇ ಮನೆಯಲ್ಲಿ, ತನ್ನದೇ ಕಪಾಟಿನೆದುರು, ಶನಿವಾರದ ಹಾಡುಹಗಲಲ್ಲಿ ತಾನು ಕಳ್ಳನ ಹಾಗೆ ನಿಂತಿದ್ದೇನೆ ಅನ್ನಿಸಿ ಅವನಿಗೆ ನಗು ಬರುವಂತಾಯಿತು, ಬರಲಿಲ್ಲ. ಹಾಳೆಯಿಂದ ಎದ್ದದ್ದು ಹೊಸ ಮಳೆಕೋಟಿನ ವಾಸನೆ. ಹದಿನಾಲ್ಕು ವರ್ಷದ ಹಿಂದೆ ಈ ಮೆತ್ತನೆಯ ಪಾರದರ್ಶಕ ಲಕೋಟೆಗಳನ್ನು ಕೊಂಡುತಂದ ದಿನ ಇದೇ ವಾಸನೆಯನ್ನು ಮೂಗಿಗೆ ಹಿಡಿದು, ಇದು ಹೊಸದರ ವಾಸನೆ, ಶುಚಿಯ ವಾಸನೆ ಎಂದು ಸಂತೋಷಪಟ್ಟಿದ್ದ. ಈಗ ಆ ಹಾಳೆಯ ಒಂದೊಂದು ಲಕೋಟೆಯ ಒಳಗೂ ಬೆಳ್ಳಿಯ ಹಳೆಯ ಸುಕ್ರೆ ನಾಣ್ಯದ ಅಂಚಿನ ಸುತ್ತ ಹಸಿರು ಲೋಳೆ ಕೂಡಿತ್ತು. ಕೆಲವುಗಳಲ್ಲಿ ಅದು ಅಂಚು ದಾಟಿ, ನಾಣ್ಯದ ಮೇಲೆ ಅಚ್ಚಾದ ಮಾರ್ಷಲನ ಕೆನ್ನೆಗೆ, ಕಿವಿಗೆ ಹತ್ತಿತ್ತು. ಒಂದರಲ್ಲಿ ಮೂಗಿನಿಂದ ಸಿಂಬಳ ಇಳಿದ ಹಾಗೆ ಇಳಿದು ಬಾಯಿಯ ಮೇಲೆ ನಿಂತಿತ್ತು. ಅವನು ಆಲ್ಬಮ್ ಮುಚ್ಚಿದ. ಮುಚ್ಚಿದರೆ ಮತ್ತೆ ಅಂಟಿಕೊಳ್ಳುತ್ತದಲ್ಲ ಎಂದು ತೆರೆದ.

ನಿನ್ನೆ ಮಧ್ಯಾಹ್ನ ಗೆಳೆಯನ ಮಗಳು ನಾರ್ಸಿಸಾ ಮಚಾಲಾದಿಂದ ಫೋನು ಮಾಡಿದ್ದಳು. ಅವಳು ನರ್ಸಾಗಿದ್ದ ಆಸ್ಪತ್ರೆಯ ಗದ್ದಲದ ನಡುವೆ ಅವಳ ದನಿ ಯಾವಾಗಲೂ ಓಡುತ್ತಿರುವವಳ ದನಿಯೇ. "ಮಾಮ, ಭಾನುವಾರ ಬರ್ತೀನಿ. ನನಗೆ ಕ್ವೆಂಕಾಗೆ ವರ್ಗ ಆಗಿದೆ, ಇನ್ನು ಬೆಟ್ಟ ಇಳಿದು ಈ ಕಡೆ ಬರೋದು ಯಾವಾಗಲೋ ಏನೋ. ಅಪ್ಪನ ನಾಣ್ಯ ತಗೊಂಡು ಹೋಗಿಬಿಡ್ತೀನಿ. ಮನೇಲಿರ್ತೀಯ ತಾನೆ?" ಇರ್ದೆ ಎಲ್ಲಿಗೆ ಹೋಗ್ತೀನೇ ಎಂದಿದ್ದ. "ಚೆನ್ನಾಗಿದಾವಾ?" ಎಂದು ಅವಳು ಸುಮ್ಮನೆ, ನೆಂಟರ ಯೋಗಕ್ಷೇಮ ಕೇಳುವ ಹಾಗೆ ಕೇಳಿದ್ದಳು. ಅವನು, "ನನ್ನ ಹತ್ರ ಇದ್ದ ಮೇಲೆ?" ಎಂದಿದ್ದ. ಆ ಮಾತು ರಾತ್ರಿಯೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡಿತ್ತು. ನನ್ನ ಹತ್ರ ಇದ್ದ ಮೇಲೆ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ಮೇಷ್ಟ್ರ ದನಿ ಅದು. ತಪ್ಪು ಉತ್ತರ ಎನ್ನುವುದು ಬೆಂಚಿನ ಆ ಕಡೆ ಕೂತವರಿಗೆ ಮಾತ್ರ ಇರುವ ಕಾಯಿಲೆ ಎಂದು ನಂಬಿದವನ ದನಿ. ಸತ್ತುಹೋದ ಗೆಳೆಯ ಲಿಸೀಮಕೊ ನದಿಯ ದೋಣಿ ನಡೆಸುತ್ತಿದ್ದ. ಮೂತ್ರಪಿಂಡ ಕೆಟ್ಟು ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿಂಬಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಕೊಟ್ಟು, "ನೀನು ಬಲ್ಲವನು, ನನಗೆ ಇದೆಲ್ಲ ಗೊತ್ತಾಗಲ್ಲ. ಹುಡುಗಿ ಕೇಳಿದಾಗ ಕೊಡು" ಎಂದಿದ್ದ. ಡಬ್ಬಿಯಲ್ಲಿ ನಲವತ್ತೊಂದು ನಾಣ್ಯಗಳನ್ನು, ನಾಲ್ಕು ತಾಮ್ರದವು, ಉಳಿದವೆಲ್ಲ ಬೆಳ್ಳಿಯವು, ಒಂದೊಂದಾಗಿ ಸಿಗರೇಟಿನ ತೆಳು ಕಾಗದದಲ್ಲಿ ಸುತ್ತಿಟ್ಟಿದ್ದ. ಏನೂ ಗೊತ್ತಾಗದ ಆ ದೋಣಿಯವನ ಕಾಗದದಲ್ಲಿ ಅವು ಇಪ್ಪತ್ತು ವರ್ಷ ಇದ್ದವು, ಒಂದು ಕಲೆ ಇರಲಿಲ್ಲ. ಬಲ್ಲವನು ಅವನ್ನು ಕಾಗದದಿಂದ ಬಿಡಿಸಿ, ಕಾಗದವನ್ನು ಕಸಕ್ಕೆ ಹಾಕಿ, ಚೆಂದದ ಲಕೋಟೆಗಳಿಗೆ ತುಂಬಿದ್ದ.

ಒಂದನ್ನು ಲಕೋಟೆಯಿಂದ ಬಿಡಿಸಿಕೊಂಡು ಬಚ್ಚಲಿಗೆ ಹೋದ. ಬನಿಯನ್ನಿನ ತುದಿಯಿಂದ ಒರೆಸಿದರೆ ಲೋಳೆ ಬನಿಯನ್ನಿಗೂ ಬಂತು, ನಾಣ್ಯದಲ್ಲೂ ಉಳಿಯಿತು. ತಾನು ಏನು ಮಾಡಬಾರದು ಎಂದು ವರ್ಷವರ್ಷವೂ ನಾಣ್ಯಪ್ರಿಯರ ಕೂಟದಲ್ಲಿ ಎದ್ದು ನಿಂತು ಹೇಳುತ್ತಾ ಬಂದಿದ್ದನೋ ಅದನ್ನೇ ಅವನ ಕೈ ಮಾಡುತ್ತಿತ್ತು. ಸೋಡಾಪುಡಿ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದ, ಮೊದಲು ಮೆಲ್ಲಗೆ, ಆಮೇಲೆ ಸಿಟ್ಟಿನಿಂದ. ಹಸಿರು ಹೋಯಿತು. ಹೋದ ಜಾಗದಲ್ಲಿ ಬೆಳ್ಳಿ ಚಮಚದ ಹಾಗೆ ಬೋಳಾಗಿ ಹೊಳೆಯಿತು. ನೂರಿಪ್ಪತ್ತು ವರ್ಷದಲ್ಲಿ ಯಾರ್‍ಯಾರದೋ ಜೇಬಿನಲ್ಲಿ ಕೂತು ಪಡೆದ ಆ ಬೂದುಬಣ್ಣದ ಮಂದ ಕಾಂತಿ ಬಚ್ಚಲ ಕೊಳವೆಯಲ್ಲಿ ಇಳಿದುಹೋಗಿತ್ತು. ಮಾರ್ಷಲನ ಕೂದಲ ಗೆರೆಗಳು ಅಳಿದು ತಲೆ ಬೋಳಿಸಿದ ಹಾಗಾಗಿತ್ತು. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಬಾಗಿಲಲ್ಲಿ ಸೊಯ್ಲಾ ನಿಂತಿದ್ದಳು.

"ಬಾಳೆಕಾಯಿ ಉಂಡೆ ಆರ್‍ತಾ ಇದೆ. ಏನದು, ನನ್ನ ಸೋಡಾಪುಡಿ ಅಲ್ವಾ?"

"ಸ್ವಲ್ಪ ಕೊಳೆ ಆಗಿತ್ತು."

"ಮೇಷ್ಟ್ರ ನಾಣ್ಯಕ್ಕೆ ಕೊಳೆ!" ಎಂದು ಅವಳು ನಕ್ಕಳು. ಅವನು ನಗಲಿಲ್ಲ ಎಂದು ಗಮನಿಸಿ ನಗು ನಿಲ್ಲಿಸಿ ಹತ್ತಿರ ಬಂದಳು. ಬನಿಯನ್ನು ನೋಡಿದಳು, ಅಂಗೈ ನೋಡಿದಳು. "ಲಿಸೀಮಕೊಂದಾ?"

ಅವನು ತಲೆಯಾಡಿಸಿದ.

"ಎಲ್ಲಾನೂ?"

"ಎಲ್ಲಾನೂ."

ಸೊಯ್ಲಾ ನಲ್ಲಿ ನಿಲ್ಲಿಸಿದಳು. "ಆ ಸಿಗಡಿ ಕಾರ್ಖಾನೆಯವಳು ಹೇಳಿದ್ದಳಂತಲ್ಲ. ಎರ್ಸಿಲಿಯಾ. ನೀನೇ ಬಂದು ಹೇಳಿ ನಗಾಡಿದ್ದೆ. ಅವಳನ್ನೇ ಕೇಳು ಹೋಗು."

"ಯಾವ ಮುಖ ಇಟ್ಕೊಂಡು ಹೋಗಲಿ?"

"ಇರೋ ಮುಖಾನೇ ತಗೊಂಡು ಹೋಗು. ಇನ್ನೊಂದು ಎಲ್ಲಿಂದ ತರ್ತೀಯ?"

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಮಳೆಗಾಲದ ಗ್ವಾಯಾಕಿಲ್‌ನಲ್ಲಿ ಹತ್ತು ಗಂಟೆಗೆಲ್ಲ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಕಿಟಕಿಯ ಕಂಬಿ, ಸೀಟಿನ ರೆಕ್ಸಿನ್ನು, ಪಕ್ಕದವನ ತೋಳು, ಎಲ್ಲವೂ ಅಂಟುತ್ತಿದ್ದವು. ಆಲ್ಬಮ್ಮನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಹನ್ನೊಂದು ವರ್ಷದ ಹಿಂದೆ ಕೂಟದಲ್ಲಿ, ಔಷಧದಂಗಡಿಯ ಮೇಲಿನ ಆ ಉದ್ದ ಕೋಣೆಯಲ್ಲಿ, ನಾಣ್ಯಗಳನ್ನು ಕಾಪಾಡುವುದು ಹೇಗೆ ಎಂದು ಅವನ ವಾರ್ಷಿಕ ಉಪನ್ಯಾಸ ಮುಗಿದಿತ್ತು. ಮೆತ್ತನೆಯ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ಬಳುಕಿಸಿ ತೋರಿಸಿ, "ನೋಡಿ, ಮಗುವಿನ ಚರ್ಮದ ಹಾಗಿದೆ, ನಾಣ್ಯಕ್ಕೆ ಗೀರು ಬೀಳೋ ಪ್ರಶ್ನೆಯೇ ಇಲ್ಲ" ಎಂದಿದ್ದ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೊಸ ಹೆಂಗಸು ಕೈಯೆತ್ತಿದಳು. ಸಿಗಡಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಅಜ್ಜನ ತಾಮ್ರದ ಕಾಸುಗಳು ಒಂದಿಷ್ಟು ಇವೆ, ಅದಕ್ಕೇ ಸೇರಿಕೊಂಡೆ ಎಂದಿದ್ದವಳು. ಅವಳು ನಿಧಾನವಾಗಿ ಹೇಳಿದಳು: "ಮೇಷ್ಟ್ರೇ, ಈ ಪ್ಲಾಸ್ಟಿಕ್ ಗಟ್ಟಿ ಜಾತೀದು. ಮೆತ್ತಗಾಗಲಿ ಅಂತ ಇದಕ್ಕೆ ಎಣ್ಣೆಯಂಥದ್ದು ಸೇರಿಸಿರ್ತಾರೆ. ಸೆಕೆಗೆ ಅದು ಹೊರಗೆ ಬರುತ್ತೆ, ಆಮೇಲೆ ಆಮ್ಲಾನೂ ಬಿಡುತ್ತೆ. ನಮ್ಮ ಕಾರ್ಖಾನೇಲಿ ಊಟದ ಪದಾರ್ಥಕ್ಕೆ ಇದನ್ನ ಮುಟ್ಟಿಸೋ ಹಾಗಿಲ್ಲ. ವಾಸನೇಲೇ ಗೊತ್ತಾಗುತ್ತಲ್ಲ." ಕೋಣೆ ಅವನ ಕಡೆ ತಿರುಗಿತ್ತು. ತಿರುಗಿದ ಆ ಇಪ್ಪತ್ತು ಮುಖಗಳ ಎದುರು ಅವನಿಗೆ ಏನು ಹೇಳಬೇಕೋ ಹೊಳೆಯದೆ, ಹೊಳೆಯಲಿಲ್ಲ ಎಂಬುದೇ ಭಯವಾಗಿ, ಬಾಯಿ ತಾನಾಗಿ ತೆರೆದುಕೊಂಡು, "ಪ್ಲಾಸ್ಟಿಕ್ಕಿನ ವಾಸನೆ ಕಂಡುಹಿಡಿಯೋ ಮೊದಲು ಅಮ್ಮಾವರು ಸಿಗಡಿ ವಾಸನೆ ತೊಳ್ಕೊಂಡು ಬಂದಿದ್ದರೆ ನಮ್ಮೆಲ್ಲರಿಗೂ ಉಪಕಾರ ಆಗ್ತಿತ್ತು" ಎಂದಿತ್ತು. ಕೋಣೆ ನಕ್ಕಿತು. ದೊಡ್ಡದಾಗಿ ನಕ್ಕಿತು. ಅವಳು ಕೂತಳು. ಕೂರುವ ಮುಂಚೆ, ನಗು ಇನ್ನೂ ಮುಗಿಯದಿದ್ದಾಗಲೇ, ತಾಮ್ರದ ತಂತಿಯ ಪರೀಕ್ಷೆಯನ್ನು ಹೇಳಿದಳು: ತಂತಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿದರೆ ಉರಿ ಹಸಿರಾದರೆ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ ಎಂದು. ಮುಂದಿನ ತಿಂಗಳು ಅವಳು ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ಇಷ್ಟನ್ನು ಅವನು ಅನೇಕ ಸಲ ನೆನಪಿಸಿಕೊಂಡಿದ್ದ, ಇಷ್ಟಕ್ಕೇ ನಿಲ್ಲಿಸಿ. ಬಸ್ಸು ತಿರುವಿನಲ್ಲಿ ಜಗ್ಗಿ ಆಲ್ಬಮ್ ತೊಡೆಯಿಂದ ಜಾರಿದಾಗ, ಹಿಡಿದುಕೊಳ್ಳುವಾಗ, ಉಳಿದದ್ದೂ ಬಂತು. ಅವತ್ತು ಸಂಜೆ ಸೊಯ್ಲಾ ಪೂಜೆಗೆಂದು ಚರ್ಚಿಗೆ ಹೋಗಿದ್ದಳು. ಅವನು ದೀಪದ ಹಳೆಯ ವೈರಿನ ಸಿಪ್ಪೆ ಸುಲಿದು, ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸಿನ ಒಲೆಯ ಮುಂದೆ ನಿಂತಿದ್ದ. ತಂತಿ ಕೆಂಪಾಯಿತು. ಲಕೋಟೆಯ ಮೂಲೆಗೆ ಮುಟ್ಟಿಸಿದ, ಚುರ್ರೆಂದಿತು. ಉರಿಗೆ ಹಿಡಿದ. ನೀಲಿ ಉರಿಯ ನಡುವಿನಿಂದ ಎದ್ದ ಆ ಹಸಿರು ಎಷ್ಟು ಶುದ್ಧವಾಗಿತ್ತೆಂದರೆ, ಎಷ್ಟು ಸುಂದರವಾಗಿತ್ತೆಂದರೆ, ಒಂದು ಗಳಿಗೆ ಅವನು ಅದು ಏನನ್ನು ಹೇಳುತ್ತಿದೆ ಎನ್ನುವುದನ್ನೇ ಮರೆತ. ಮೂರು ಸಲ ಮಾಡಿದ. ಮೂರು ಸಲವೂ ಹಸಿರು. ಆಮೇಲೆ ಒಲೆ ಆರಿಸಿ, ತಂತಿಯನ್ನು ಪಕ್ಕದ ಮನೆಯವರ ಕಸದ ಬುಟ್ಟಿಗೆ ಹಾಕಿ ಬಂದ. ಗ್ಯಾಸು ಮುಗಿಯುತ್ತ ಬಂದಾಗ ಉರಿ ಹಸಿರಾಗಿ ಕಾಣುವುದುಂಟು ಎಂದುಕೊಂಡ. ವೈರಿನ ತಾಮ್ರ ಅಪ್ಪಟವಲ್ಲ ಎಂದುಕೊಂಡ. ಇವತ್ತೇ ಬದಲಾಯಿಸಿದರೆ ಸೊಯ್ಲಾ ಯಾಕೆ ಎಂದು ಕೇಳುತ್ತಾಳೆ, ಅಂಗಡಿಯವನು ಕೂಟದಲ್ಲಿ ಹೇಳುತ್ತಾನೆ, ಸ್ವಲ್ಪ ದಿನ ಹೋಗಲಿ ಎಂದುಕೊಂಡ. ಸ್ವಲ್ಪ ದಿನ ಹೋಯಿತು. ಮುಂದಿನ ವರ್ಷ ಅದೇ ಉಪನ್ಯಾಸ ಕೊಟ್ಟ. ಲಿಸೀಮಕೊನ ಆಲ್ಬಮ್ಮನ್ನು ಮಾತ್ರ ಕಪಾಟಿನ ಕೆಳಗಿನ ಅರೆಯಲ್ಲಿ, ಅಟ್ಲಾಸುಗಳ ಹಿಂದೆ ಇಟ್ಟ, ಕಣ್ಣಿಗೆ ಬೀಳದ ಹಾಗೆ.

ಎರ್ಸಿಲಿಯಾಳ ಮನೆ ನಗರದ ದಕ್ಷಿಣದ ತುದಿಯಲ್ಲಿ, ಉಪ್ಪುನೀರಿನ ಕಾಲುವೆಯ ಹತ್ತಿರ. ಅವಳು ಈಗ ನಿವೃತ್ತಳು. ಮುಂಬಾಗಿಲ ಕೋಣೆಯಲ್ಲಿ ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಳು. ಅವನನ್ನು ನೋಡಿ ಯಾರೆಂದು ಹುಡುಕಲಿಲ್ಲ. "ಬನ್ನಿ ಮೇಷ್ಟ್ರೇ" ಎಂದಳು, ನಿನ್ನೆ ಬಂದು ಹೋದವನನ್ನು ಕರೆಯುವ ಹಾಗೆ. ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಹೊಸ್ತಿಲಲ್ಲೇ ಉಳಿಯಿತು. ಟವೆಲು ಬಿಡಿಸಿ ಆಲ್ಬಮ್ಮನ್ನು ಮೇಜಿನ ಮೇಲಿಟ್ಟ. ಅವಳು ತೆರೆಯಲಿಲ್ಲ, ಬಗ್ಗಿ ವಾಸನೆ ನೋಡಿದಳು, ತಲೆಯೆತ್ತಿದಳು.

"ಎಷ್ಟು ವರ್ಷ?"

"ಹದಿನಾಲ್ಕು."

"ಅಯ್ಯೋ ಪಾಪ" ಎಂದಳು. ನಾಣ್ಯಗಳಿಗೆ ಹೇಳಿದ್ದು, ಅವನಿಗಲ್ಲ.

ಆಮೇಲೆ ಕೆಲಸ. ಕಿಟಕಿಗಳನ್ನೆಲ್ಲ ತೆರೆದಳು, ಒಲೆಯ ಗ್ಯಾಸು ಮುಚ್ಚಿದಳು, ಗಾಜಿನ ಎರಡು ಬಟ್ಟಲು ತಂದಳು. "ಪ್ಲಾಸ್ಟಿಕ್ ಬಟ್ಟಲಾದ್ರೆ ಅದನ್ನೇ ತಿಂದುಹಾಕುತ್ತೆ" ಎಂದು ಹೇಳುತ್ತ ಕಂದು ಸೀಸೆಯಿಂದ ಅಸಿಟೋನು ಸುರಿದಳು; ಉಗುರುಬಣ್ಣ ತೆಗೆಯಲು ಅಂಗಡಿಯಲ್ಲಿ ಸಿಗುವ ಪರಿಮಳದ್ದಲ್ಲ, ಶುದ್ಧದ್ದು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮುಳುಗಿಸಿದಳು. ಉಜ್ಜಲಿಲ್ಲ, ತಿಕ್ಕಲಿಲ್ಲ, ಮುಟ್ಟಲೇ ಇಲ್ಲ. ಕೈ ಕಟ್ಟಿಕೊಂಡು ಕೂತಳು. ಅವನೂ ಎದುರಿಗೆ ಕೂತ. ಬಟ್ಟಲಿನಲ್ಲಿ ಲೋಳೆ ಹೊಗೆಯ ಎಳೆಯಾಗಿ ಬಿಟ್ಟುಕೊಂಡು ಮೇಲೆ ಬಂತು. ಎರಡನೆಯ ಬಟ್ಟಲಿಗೆ ದಾಟಿಸಿ, ಹತ್ತಿಬಟ್ಟೆಯ ಮೇಲೆ ಇಟ್ಟು, ತಾನಾಗಿ ಆರಲು ಬಿಟ್ಟಳು. ಕೆಲವು ಪೂರ್ತಿ ಶುಚಿಯಾಗಿ ಬಂದವು. ಬಹಳಷ್ಟು ಬರಲಿಲ್ಲ: ಲೋಳೆ ಹೋದ ಮೇಲೆ ಅದರ ಕೆಳಗೆ ಬೆಳ್ಳಿ ಸಿಡುಬು ಬಂದ ಮುಖದ ಹಾಗೆ ತೂತುತೂತಾಗಿತ್ತು. ಅವನು ಬಚ್ಚಲಲ್ಲಿ ಉಜ್ಜಿದ್ದನ್ನು ಅವಳು ಬೆಳಕಿಗೆ ಹಿಡಿದು, ಏನೂ ಕೇಳದೆ, ಬೇರೆ ಇಟ್ಟಳು. ಏನಾದರೂ ಕೇಳಿದ್ದರೆ ಚೆನ್ನಾಗಿರುತ್ತಿತ್ತು.

"ಇವನ್ನ ಇನ್ನು ಯಾವುದರಲ್ಲಿ ಇಡ್ಬೇಕು?" ಎಂದು ಅವನು ಕೇಳಿದ. ಶಾಲೆಯ ಹುಡುಗನ ದನಿ ಬಂದುಬಿಟ್ಟಿತ್ತು.

ಅವಳು ಒಳಗಿನಿಂದ ಒಂದು ಡಬ್ಬ ತಂದಳು. ಎರಡು ತರಹದ ಲಕೋಟೆಗಳನ್ನು ಅವನ ಎರಡು ಕೈಗೆ ಕೊಟ್ಟಳು. "ಹಿಂಡಿ ನೋಡಿ. ಗರಗರ ಅನ್ನುತ್ತಲ್ಲ, ಬಳುಕಲ್ಲವಲ್ಲ, ಅದು ಪಾಲಿಯೆಸ್ಟರು. ಬೇಗ ಸೀಳುತ್ತೆ, ಮುಲಾಜಿಲ್ಲ, ಆದ್ರೆ ನಾಣ್ಯಕ್ಕೆ ಏನೂ ಮಾಡಲ್ಲ. ಒಳ್ಳೇದಕ್ಕೆಲ್ಲ ಈ ಗಟ್ಟಿ ಗುಂಡು ಡಬ್ಬಿ. ಅಳತೆ ಸರಿಯಾಗಿರಬೇಕು, ಸಡಿಲ ಇದ್ರೆ ಒಳಗೆ ಅಲ್ಲಾಡಿ ಅಂಚು ಸವೆಯುತ್ತೆ, ಬಿಗಿ ಇದ್ರೆ ತೆಗೆಯುವಾಗ ಗೀರು ಬೀಳುತ್ತೆ. ಕಡಿಮೆಯವಕ್ಕೆ ರಟ್ಟಿನ ಚೌಕ ಸಾಕು. ಪಿನ್ನು ಹೊಡೆದ್ರೆ ಅದರ ಕಾಲನ್ನ ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ದಿದ್ರೆ ಪಕ್ಕದ್ದನ್ನ ಕೆರೆಯುತ್ತೆ. ರಬ್ಬರ್ ಬ್ಯಾಂಡ್ ಬೇಡ, ಪತ್ರಿಕೆ ಕಾಗದ ಬೇಡ. ಮರದ ಕಪಾಟಲ್ಲೂ ಬೇಡ, ಮರ ಉಸಿರುಬಿಡುತ್ತೆ. ತೇವ ಹೀರೋ ಪೊಟ್ಟಣ ಹಾಕಿ, ಮಳೆಗಾಲಕ್ಕೆ ಒಂದ್ಸಲ ಬದಲಾಯಿಸಿ. ಮುಖ್ಯ ಇನ್ನೊಂದು." ಅವಳು ನಿಲ್ಲಿಸಿದಳು. "ತೆಗೆದು ನೋಡ್ತಾ ಇರಬೇಕು ಮೇಷ್ಟ್ರೇ. ಇಟ್ಟು ಮರೆಯೋಕೆ ಒಳ್ಳೆ ಡಬ್ಬಿ ಅಂತ ಯಾವುದೂ ಇಲ್ಲ."

ಅವಳು ತನ್ನ ಅಜ್ಜನ ಕಾಸುಗಳಿಗೆಂದು ತಂದಿಟ್ಟಿದ್ದ ಗುಂಡು ಡಬ್ಬಿಗಳನ್ನು ಅಳತೆ ನೋಡಿ ನೋಡಿ ತೆಗೆದು ಲಿಸೀಮಕೊನ ನಾಣ್ಯಗಳಿಗೆ ಹಾಕುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ. "ಎರ್ಸಿಲಿಯಾ, ಆವತ್ತು ಕೂಟದಲ್ಲಿ..."

"ಸಿಗಡಿ ಮಾತು" ಎಂದಳು ಅವಳು, ತಲೆಯೆತ್ತದೆ.

"ಬಾಯಿತಪ್ಪಿ ಬಂತು."

"ಬಸ್ಸಲ್ಲಿ ಮನೆವರೆಗೂ ಕೈ ಮೂಸಿಕೊಂಡು ಬಂದೆ ನಾನು. ಸೋಪಿನ ವಾಸನೆ ಬರ್ತಾ ಇತ್ತು. ನನಗೆ ಮಾತ್ರ ಹಾಗೆ ಬರ್ತಿದೆಯಾ, ಬೇರೆಯವರಿಗೆ ಬೇರೆ ಬರುತ್ತಾ ಅಂತ ಪಕ್ಕದಲ್ಲಿ ಕೂತಿದ್ದ ಹೆಂಗಸನ್ನ ಕೇಳೋಣ ಅನ್ನಿಸಿತು. ಎಂಥ ಹುಚ್ಚು ನೋಡಿ." ಡಬ್ಬಿಯೊಂದನ್ನು ಟಕ್ಕೆಂದು ಮುಚ್ಚಿದಳು. "ಆಮೇಲೆ ವರ್ಷಗಟ್ಟಲೆ ಕೈಗೆ ನಿಂಬೆ ತಿಕ್ಕಿದೆ." ಇನ್ನೊಂದು ಮುಚ್ಚಿದಳು. "ಒಂದು ಕೇಳ್ತೀನಿ. ಆ ತಂತಿ ಪರೀಕ್ಷೆ ಹೇಳಿದ್ದೆನಲ್ಲ. ಮಾಡಿ ನೋಡಿದಿರಾ?"

ಈಗ ಅವಳು ನೇರ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಬಲೆಯಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಹೇಳುವುದಕ್ಕೆ ಇದಕ್ಕಿಂತ ಸುಲಭದ ಗಳಿಗೆ ತನ್ನ ಬಾಳಿನಲ್ಲಿ ಇನ್ನು ಬರಲಾರದು ಎಂದು ಅವನಿಗೆ ತಿಳಿಯಿತು, ತಿಳಿಯುತ್ತಿರುವಾಗಲೇ ಬಾಯಿ, "ಇಲ್ಲ" ಎಂದಿತು.

ಅವಳ ಭುಜ ಇಳಿಯಿತು. "ಹಂಗಾದ್ರೆ ಬಿಡಿ. ಗೊತ್ತಿಲ್ಲದೆ ಆಗಿದ್ದು. ಗೊತ್ತಿದ್ದೂ ಮಾಡೋರಿಗೆ ನಾನು ಬಾಗಿಲು ತೆಗೀತಿರಲಿಲ್ಲ." ಎದ್ದು ಕಾಫಿ ಕಾಸಿ ತಂದಳು. ಡಬ್ಬಿಗಳಿಗೆ ಏನೂ ಬೇಡವೆಂದಳು. ಕಾಫಿ ಬಿಸಿಯಾಗಿತ್ತು, ಚೆನ್ನಾಗಿತ್ತು, ಅವನು ಅರ್ಧಕ್ಕೇ ಕೆಳಗಿಟ್ಟ.

ನಾಲ್ಕು ಗಂಟೆಗೆ ಕೂಟ. ತಿಂಗಳ ಮೊದಲ ಶನಿವಾರ, ಮಾರ್ಚಿನಲ್ಲಿ ಅವನ ವಾರ್ಷಿಕ ಉಪನ್ಯಾಸ. ಈ ವರ್ಷವೂ ಫಲಕದಲ್ಲಿ ಅವನ ಹೆಸರಿತ್ತು. ಅವನು ಮನೆಗೆ ಹೋಗದೆ ನೇರ ಅಲ್ಲಿಗೇ ಹೋದ, ಹಳೆಯ ಆಲ್ಬಮ್ಮಿನ ಖಾಲಿ ಹಸಿರು ಹಾಳೆಗಳನ್ನು ಟವೆಲಿನಲ್ಲಿ, ಹೊಸ ಡಬ್ಬವನ್ನು ಚೀಲದಲ್ಲಿ ಹಿಡಿದು. ಇಪ್ಪತ್ತು ಜನ ಈಗ ಹನ್ನೆರಡಾಗಿದ್ದರು. ಅಧ್ಯಕ್ಷ ಪ್ಲುತಾರ್ಕೊಗೆ ಎಂಬತ್ತು ದಾಟಿತ್ತು. ಹಲ್ಲಿನ ಡಾಕ್ಟರು ಎವುದೋರೊ ಎಂದಿನಂತೆ ಮುಂದಿನ ಸಾಲಿನಲ್ಲಿ ಕಾಲು ಚಾಚಿದ್ದ. ಅಬ್ದೋನ್ ಎದ್ದು ನಿಂತು ಹಸಿರು ಹಾಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅದು ಬಳುಕಿತು.

"ಇದು ನನ್ನ ಲಕೋಟೆ" ಎಂದ. "ನಾನು ನಿಮಗೆಲ್ಲ ಹೇಳಿಕೊಟ್ಟ ಲಕೋಟೆ. ಇದರೊಳಗೆ ಇದ್ದದ್ದು ಲಿಸೀಮಕೊನ ನಾಣ್ಯ. ಹಾಳಾಗಿವೆ. ನಿಮ್ಮವೂ ಹಾಳಾಗ್ತಾ ಇರಬೇಕು. ಇವತ್ತೇ ಮನೆಗೆ ಹೋಗಿ ತೆಗೆದುಬಿಡಿ. ನಾನು ಹೇಳಿದ್ದೆಲ್ಲ ತಪ್ಪು."

ಯಾರೂ ಗಾಬರಿಯಾಗಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು, ಮನೆಯಲ್ಲಿ ಮುಚ್ಚಿಟ್ಟ ಸುದ್ದಿಯೊಂದು ಮುದುಕನಿಗೆ ಗೊತ್ತಾಗಿಬಿಟ್ಟಾಗ ಮಕ್ಕಳು ನೋಡಿಕೊಳ್ಳುವ ಹಾಗೆ. ಪ್ಲುತಾರ್ಕೊ ಕೆಮ್ಮಿದರು.

"ಕೂತ್ಕೊಳ್ಳಿ ಮೇಷ್ಟ್ರೇ. ನಾವು ಬದಲಾಯಿಸಿ ತುಂಬಾ ವರ್ಷ ಆಯ್ತು."

"ಅಂದ್ರೆ?"

"ಆ ಎರ್ಸಿಲಿಯಾ ಹೇಳಿದ ತಿಂಗಳೇ ನಾನು ಬದಲಾಯಿಸಿದೆ. ಸುಮ್ಮನೆ ಯಾಕೆ ಅಪಾಯ ಅಂತ."

"ನಾನೂ" ಎಂದರು ಯಾರೋ. "ನಾನೂ ಅಷ್ಟೇ." ಕೋಣೆಯ ಮೂಲೆಮೂಲೆಯಿಂದ ಅದು ಬಂತು.

"ಮತ್ತೆ ವರ್ಷವರ್ಷ ನಾನಿಲ್ಲಿ ನಿಂತು..."

"ನಿಮಗೆ ಬೇಜಾರಾಗುತ್ತೆ ಅಂತ" ಎಂದರು ಪ್ಲುತಾರ್ಕೊ. ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಎವುದೋರೊ ನಗುತ್ತ, "ಅರ್ಧ ಗಂಟೆ ಭಾಷಣ, ಆಮೇಲೆ ಕೇಕು. ನಮಗೇನು ನಷ್ಟ? ಮಗುವಿನ ಚರ್ಮ ಅಂತ ನೀವು ಹೇಳೋವಾಗ ಎಷ್ಟು ಚೆನ್ನಾಗಿರ್ತಿತ್ತು ಮೇಷ್ಟ್ರೇ" ಎಂದ. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ಹನ್ನೊಂದು ವರ್ಷ ಅವರು ಹೀಗೆ ಪ್ರೀತಿಯಿಂದ ಕೂತು ಅವನನ್ನು ನೋಡಿದ್ದರು. ಅವನು ಬೆರಳಲ್ಲಿ ಲಕೋಟೆ ಬಳುಕಿಸುವಾಗ, ದನಿಯೇರಿಸುವಾಗ, ಪ್ರಶ್ನೆಗಳಿದ್ದರೆ ಕೇಳಿ ಎನ್ನುವಾಗ. ಯಾರೂ ಕೇಳದಿದ್ದದ್ದನ್ನು ಅವನು ಗೌರವ ಎಂದುಕೊಂಡಿದ್ದ. ಮತ್ತು ಇವರಲ್ಲಿ ಒಬ್ಬರೂ ದಕ್ಷಿಣದ ಬಸ್ಸು ಹತ್ತಿ ಹೋಗಿ ಆ ಹೆಂಗಸಿಗೆ, ನೀನು ಹೇಳಿದ್ದು ಸರಿಯಮ್ಮ, ಬಾ ಎಂದು ಹೇಳಿರಲಿಲ್ಲ. ಹಾಗೆಂದುಕೊಂಡ ಕೂಡಲೇ ಸಿಟ್ಟು ಬಂತು, ಸಿಟ್ಟಿನಲ್ಲಿ ಒಂದು ಸುಖವಿತ್ತು, ಆ ಸುಖದ ಮರೆಯಲ್ಲಿ ನಿಂತುಬಿಡಬಹುದಿತ್ತು. ಭುಜದ ಮೇಲೆ ಮುದುಕನ ಕೈ ಬೆಚ್ಚಗಿತ್ತು. ಪಾಪ, ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಕೂತು ಕೇಕು ತಿಂದರೆ ಮುಗಿಯಿತು.

"ನನಗೆ ಗೊತ್ತಿತ್ತು" ಎಂದ.

ನಗು ಸ್ವಲ್ಪ ಹೊತ್ತು ತಾನಾಗಿ ಓಡಿ ನಿಂತಿತು.

"ಆವತ್ತು ಸಂಜೆಯೇ ತಂತಿ ಕಾಯಿಸಿ ನೋಡಿದೆ. ಮೂರು ಸಲ. ಹಸಿರು ಬಂತು. ಗೊತ್ತಿದ್ದೂ ನಿಮಗೆ ಹೇಳಿದೆ. ಗೊತ್ತಿದ್ದೂ ಲಿಸೀಮಕೊನವನ್ನ ಅದರಲ್ಲೇ ಬಿಟ್ಟೆ. ಬದಲಾಯಿಸಿದ್ರೆ ಅವಳು ಗೆದ್ದ ಹಾಗಾಗುತ್ತಲ್ಲ."

ಕೆಳಗೆ ಔಷಧದಂಗಡಿಯ ಶಟರು ಎಳೆಯುವ ಸದ್ದು ಕೇಳಿಸಿತು. ಎವುದೋರೊ ಕಾಲು ಮಡಚಿಕೊಂಡು ಸರಿಯಾಗಿ ಕೂತ. ಭುಜದ ಮೇಲಿನ ಕೈ ಇನ್ನೂ ಅಲ್ಲೇ ಇತ್ತು, ಆದರೆ ಅದರ ತೂಕ ಹೋಗಿತ್ತು; ಆಮೇಲೆ ಕೈಯೂ ಹೋಯಿತು. ಪ್ಲುತಾರ್ಕೊ ತಮ್ಮ ಕುರ್ಚಿಗೆ ಮರಳಿ ಕೂತು, ಮೇಜಿನ ಮೇಲಿನ ಕಾಗದ ನೋಡುತ್ತ ಕೇಳಿದರು: "ಅವಳಿಗೆ ಹೇಳಿದಿರಾ?"

"ಬೆಳಿಗ್ಗೆ ಕೇಳಿದಳು. ಇಲ್ಲ ಅಂದೆ."

ಮೆಟ್ಟಿಲಿಳಿಯುವಾಗ ಯಾರೂ ಹಿಂದೆ ಬರಲಿಲ್ಲ. ಮಧ್ಯದ ಮೆಟ್ಟಿಲಿನಲ್ಲಿ ನಿಂತು ಎರ್ಸಿಲಿಯಾಗೆ ಫೋನು ಮಾಡಿದ. ಹೇಳಿದ. ಹೇಳುವುದಕ್ಕೆ ನಾಲ್ಕೇ ಮಾತು ಸಾಕಾಯಿತು. ಆ ಕಡೆ ಜೆರಾಕ್ಸ್ ಯಂತ್ರ ಒಂದೊಂದೇ ಹಾಳೆ ಉಗುಳುವ ಸದ್ದು ಬರುತ್ತಿತ್ತು, ಅದು ನಿಂತಿತು. "ಹೂಂ" ಎಂದು ಅವಳು ಫೋನು ಇಟ್ಟಳು. ಬಸ್ಸಿಗೆ ಕಾಯುವಾಗ ಅವಳಿಂದ ಸಂದೇಶ ಬಂತು. ಸಂಬೋಧನೆ ಇರಲಿಲ್ಲ. ತಾಮ್ರದ ನಾಲ್ಕನ್ನು ಬೆಳ್ಳಿಯ ಜೊತೆ ಇಡಬೇಡಿ, ಬೇರೆ ಡಬ್ಬ ಮಾಡಿ, ಹುಡುಗಿಗೂ ಹೇಳಿ ಎಂದಷ್ಟೇ ಇತ್ತು. ಅದನ್ನು ಎರಡು ಮೂರು ಸಲ ಓದಿದ. ಬೈಗುಳ ಎಲ್ಲಾದರೂ ಇದೆಯೇ ಎಂದು ಹುಡುಕಿದ.

ಭಾನುವಾರ ಹನ್ನೊಂದಕ್ಕೆ ನಾರ್ಸಿಸಾ ಬಂದಳು. ಸೊಯ್ಲಾ ಪ್ಯಾಷನ್ ಹಣ್ಣಿನ ಪಾನಕ ಮಾಡಿ ಮೇಜಿನ ಮೇಲಿಟ್ಟು, ಗಂಡನ ಮುಖ ನೋಡಿ, ಒಳಗೆ ಹೋದಳು. ಹುಡುಗಿ ಬಂದವಳೇ ಅವನ ಕುತ್ತಿಗೆಗೆ ಬಿದ್ದು, "ಏನು ಮಾಮ, ಬಡವಾಗಿದ್ದೀಯ? ಅತ್ತೆ ಊಟ ಹಾಕಲ್ವಾ?" ಎಂದು ನಕ್ಕಳು. ನಾಲ್ಕು ವರ್ಷದವಳಿದ್ದಾಗ ಅವಳು ಅವನ ಹೆಗಲೇರಿ ನದಿಯ ದಡದಲ್ಲಿ ಅಪ್ಪನ ದೋಣಿಗೆ ಕೈಬೀಸುತ್ತಿದ್ದಳು; ಆವತ್ತಿನಿಂದಲೂ ಅವಳಿಗೆ ಅವನು ನೀನು. ಅವನು ಅವಳನ್ನು ಕೂರಿಸಿದ. ಹೊಸ ಡಬ್ಬಗಳೆರಡನ್ನು ತೆರೆದು ಮುಂದಿಟ್ಟ. ಪಾನಕ ಕುಡಿದ ಮೇಲೆ ಹೇಳೋಣ ಎಂದು ಒಳಗೊಂದು ದನಿ ಹೇಳಿತು; ಆ ದನಿಯ ಗುರುತು ಅವನಿಗೆ ಈಗ ಚೆನ್ನಾಗಿ ಹತ್ತಿತ್ತು. ಹಾಗಾಗಿ ಆಗಲೇ ಹೇಳಿದ: ಕಾಗದದಿಂದ ಬಿಡಿಸಿದ್ದು, ಲಕೋಟೆ, ಎರ್ಸಿಲಿಯಾ ಹೇಳಿದ್ದು, ತಂತಿ, ಹಸಿರು ಉರಿ, ಹನ್ನೊಂದು ವರ್ಷ. ಯಾವುದು ಉಳಿದಿದೆ, ಯಾವುದು ಉಳಿದಿಲ್ಲ ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸಿದ. ಬಚ್ಚಲಲ್ಲಿ ಉಜ್ಜಿದ್ದನ್ನೂ ತೋರಿಸಿದ. ಅವಳು ರೋಗಿಯ ಮಾತು ಕೇಳಿಸಿಕೊಳ್ಳುವ ನರ್ಸಿನ ಹಾಗೆ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಒಂದು ನಾಣ್ಯವನ್ನು ಡಬ್ಬಿಸಮೇತ ಎತ್ತಿ, ಅದರ ತೂತುಗಳ ಮೇಲೆ ಬೆರಳಾಡಿಸಿದಳು. ಬೆರಳು ಡಬ್ಬಿಯ ಮೇಲೆ ಜಾರಿತು.

"ಆಸ್ಪತ್ರೇಲಿ ಅಪ್ಪ ಇದನ್ನ ಮುಟ್ಟಿ ಮುಟ್ಟಿ ನೋಡ್ತಿದ್ದ" ಎಂದಳು. "ಕಣ್ಣು ಆಗಲೇ ಕಾಣ್ತಿರಲಿಲ್ಲ. ಬೆರಳಲ್ಲೇ ವರ್ಷ ಹೇಳ್ತಿದ್ದ."

ಅವನು ತಲೆ ತಗ್ಗಿಸಿದ. ಬೈಯಲಿ ಎಂದು ಕಾದ. ಅವಳು ಬೈಯುತ್ತಾಳೆ, ಅಳುತ್ತಾಳೆ, ಆಮೇಲೆ ಹೋಗಲಿ ಬಿಡು ಮಾಮ ಎನ್ನುತ್ತಾಳೆ ಎಂದು ನಿನ್ನೆಯಿಂದ ಎಷ್ಟು ಸಲ ಅಂದುಕೊಂಡಿದ್ದನೆಂದು ಈಗ ತಿಳಿದು, ಆ ಆಸೆಗೂ ನಾಚಿಕೆಯಾಯಿತು. ಅವಳು ಡಬ್ಬಗಳನ್ನು ಮುಚ್ಚಿದಳು. ತಾಮ್ರದ್ದನ್ನು ಬೇರೆ ಇಡಬೇಕೆಂದು ಅವನು ಹೇಳಿದ, ಮಳೆಗಾಲಕ್ಕೊಮ್ಮೆ ಪೊಟ್ಟಣ ಬದಲಾಯಿಸಬೇಕೆಂದ, ಆಗಾಗ ತೆಗೆದು ನೋಡಬೇಕೆಂದ. ಅವಳು ಹೂಂಗುಟ್ಟಿದಳು. ಚೀಲಕ್ಕೆ ಹಾಕಿಕೊಂಡು ಎದ್ದಳು. ಪಾನಕದ ಲೋಟದ ಹೊರಮೈಯಲ್ಲಿ ಬೆವರಿನ ಹನಿಗಳು ಕೂಡಿ ಮೇಜಿನ ಮೇಲೆ ಒಂದು ಉಂಗುರವಾಗಿತ್ತು, ಅವಳು ಮುಟ್ಟಿರಲಿಲ್ಲ. ಬಾಗಿಲಿನವರೆಗೆ ಅವನೂ ಹೋದ. ಹೊಸ್ತಿಲಲ್ಲಿ ತಿರುಗಿ ಅವನ ಕೆನ್ನೆಗೆ ಕೆನ್ನೆ ತಾಕಿಸಿದಳು, ನೆರೆಯವರಿಗೆ ತಾಕಿಸುವಷ್ಟೇ.

"ಬರ್ತೀನಿ" ಎಂದಳು. "ನೀವು ಆರೋಗ್ಯ ನೋಡ್ಕೊಳ್ಳಿ."